ಅವರ ಪರವಾಗಿ ನೀವು ಉತ್ತರ ಹೇಳಬೇಡಿ

ಹೆಸರು ಪ್ರಕಟಿಸಬಾರದೆಂದು ಕೋರಿರುವ 61 ವರ್ಷದ ಗೃಹಿಣಿಯೊಬ್ಬರ ನಾಲ್ಕು ಪುಟದ ಪತ್ರವನ್ನು ಓದಿದ ಮೇಲೆ ಈ ವಾರದ ಉಳಿದ ಪತ್ರಗಳನ್ನು ತೆರೆಯಲು ನನಗೆ ಮನಸ್ಸಾಗಲಿಲ್ಲ. ಅವರ ಪತಿಗೆ 67 ವರ್ಷ. 32 ವರ್ಷ ಗಣಿತ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಐದಾರು ವರ್ಷಗಳಿಂದ ಅವರ ಕಿವಿ ಮಂದವಾಗುತ್ತ ಬಂದಿದೆ. ಎಂಟು ತಿಂಗಳ ಹಿಂದೆ, ದೂರದಲ್ಲಿರುವ ಮಗ ಬಂದು ಒಂದೇ ದಿನದಲ್ಲಿ ಪರೀಕ್ಷೆ ಮಾಡಿಸಿ, ಎರಡೂ ಕಿವಿಗೆ ಶ್ರವಣ ಸಾಧನ ಕೊಡಿಸಿ ಹೊರಟುಹೋದರು. ಮೇಷ್ಟ್ರು ಹದಿನೈದು ದಿನ ಹಾಕಿಕೊಂಡು, ‘ತಲೆಯೊಳಗೆ ತಗಡು ಬಡಿದ ಹಾಗಾಗುತ್ತದೆ’ ಎಂದು ತೆಗೆದು ಮೇಜಿನ ಖಾನೆಯಲ್ಲಿ ಇಟ್ಟವರು ಮತ್ತೆ ಮುಟ್ಟಿಲ್ಲ. ಮನೆಗೆ ನಾಲ್ಕು ಜನ ಬಂದರೆ ಒಳಕೋಣೆ ಸೇರಿಕೊಳ್ಳುತ್ತಾರೆ, ಫೋನ್ ಎತ್ತುವುದಿಲ್ಲ, ಯಾರು ಏನೆಂದರೂ ನಕ್ಕು ತಲೆಯಾಡಿಸುತ್ತಾರೆ. ಮೈದುನ ಬಂದಾಗಲೆಲ್ಲ ‘ಅಣ್ಣನಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂದು ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಸಾಧನ ಹಾಕದಿದ್ದರೆ ಮರೆವಿನ ಕಾಯಿಲೆ ಬರುತ್ತದೆ ಎಂದು ಮಗ ಫೋನಿನಲ್ಲಿ ಹೆದರಿಸುತ್ತಾರೆ. ದಿನವಿಡೀ ಕೂಗಿ ಕೂಗಿ ಈಕೆಯ ಗಂಟಲು ಕಟ್ಟಿಹೋಗಿದೆ. ಹಟ ಹಿಡಿದು ಹಾಕಿಸಲೋ, ಅವರ ಪಾಡಿಗೆ ಅವರನ್ನು ಬಿಟ್ಟುಬಿಡಲೋ ಎಂಬುದು ಪ್ರಶ್ನೆ.

ಅಮ್ಮಾ, ಈ ಪ್ರಶ್ನೆಗೆ ಬರುವ ಮೊದಲು, ನಿಮ್ಮ ಪತ್ರದ ಮೂರನೆಯ ಪುಟದಲ್ಲಿ ಬೇರೆ ಏನನ್ನೋ ಹೇಳುವ ಭರದಲ್ಲಿ ನೀವು ಬರೆದು ದಾಟಿಹೋಗಿರುವ ಒಂದು ಸಾಲನ್ನು ನಿಮಗೇ ಓದಿ ಹೇಳಬೇಕಾಗಿದೆ. ‘ಇವರಿಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಆಡಿಯಾಲಜಿಸ್ಟ್ (ಶ್ರವಣ ತಜ್ಞರು) ಕೇಳಿದ್ದಕ್ಕೆಲ್ಲ ನಾನೇ ಉತ್ತರ ಹೇಳಿದೆ, ಅರ್ಧ ಗಂಟೆಯಲ್ಲಿ ಕೆಲಸ ಮುಗಿಯಿತು’ ಎಂದು ಬರೆದಿದ್ದೀರಿ. ಆ ಸಾಧನಗಳು ಖಾನೆ ಸೇರುವುದು ಆ ಅರ್ಧ ಗಂಟೆಯಲ್ಲಿಯೇ ತೀರ್ಮಾನವಾಯಿತು ಎಂದು ನನಗನ್ನಿಸುತ್ತದೆ. ತರಗತಿಯಲ್ಲಿ ಪ್ರಶ್ನೆ ಕೇಳಿ, ಉತ್ತರ ಹೊಳೆಯದ ಹುಡುಗನೂ ತಾನಾಗಿ ಬಾಯಿ ಬಿಡಲಿ ಎಂದು 32 ವರ್ಷ ಕಾದು ನಿಂತ ಮನುಷ್ಯ, ಅಂದು ತಮ್ಮದೇ ಕಿವಿಯ ಬಗ್ಗೆ ಇಬ್ಬರು ತಮ್ಮನ್ನು ಪಕ್ಕಕ್ಕಿಟ್ಟು ಮಾತಾಡಿಕೊಳ್ಳುವುದನ್ನು ನೋಡುತ್ತ ಕುಳಿತಿದ್ದರು.

ಈ ಸಾಲು ನನ್ನನ್ನು ಇಷ್ಟು ಕಲಕಿದ್ದಕ್ಕೆ ಕಾರಣವಿದೆ. ನನ್ನ ತಾಯಿಗೆ ಎಪ್ಪತ್ತು ದಾಟಿದ ಮೇಲೆ ಕಿವಿ ಕೇಳಿಸದಂತಾಯಿತು, ಮತ್ತು ನಾನು ನಿಮ್ಮ ಹಾಗೆಯೇ ಪ್ರೀತಿಯಿಂದಲೂ ಅವಸರದಿಂದಲೂ ಅವರ ಬಾಯಾಗಿಬಿಟ್ಟೆ. ಒಮ್ಮೆ ವೈದ್ಯರು ಅವರನ್ನು ನೋಡುತ್ತಲೇ ಕೇಳಿದ ಪ್ರಶ್ನೆಗಳಿಗೆ ಒಂದನ್ನೂ ಬಿಡದೆ ನಾನು ಉತ್ತರಿಸಿ ಹೊರಗೆ ಬಂದಾಗ, ಅಮ್ಮ ಬಹಳ ಹೊತ್ತು ಸುಮ್ಮನಿದ್ದು, ‘ನನ್ನ ವಯಸ್ಸನ್ನಾದರೂ ನಾನೇ ಹೇಳುತ್ತಿದ್ದೆ’ ಎಂದರು. ಅದು ಬೈಗುಳವಾಗಿರಲಿಲ್ಲ, ಆದ್ದರಿಂದಲೇ ಇಂದಿಗೂ ಮರೆತಿಲ್ಲ. ಬುದ್ಧಿ ನೆಟ್ಟಗಿರುವ ವಯಸ್ಕರ ಪರವಾಗಿ ಇನ್ನೊಬ್ಬರು ಮಾತಾಡಬಾರದು ಎಂದು ಈ ಅಂಕಣದಲ್ಲಿ ಸೊಸೆಯಂದಿರ ವಿಷಯದಲ್ಲಿ, ಹದಿಹರೆಯದ ಮಕ್ಕಳ ವಿಷಯದಲ್ಲಿ, ಹಾಸಿಗೆ ಹಿಡಿದ ಹಿರಿಯರ ವಿಷಯದಲ್ಲಿ ಹೇಳುತ್ತಲೇ ಬಂದಿದ್ದೇನೆ. ಕಿವಿ ಮಂದವಾದವರ ವಿಷಯದಲ್ಲಿ ಅದನ್ನು ಇನ್ನೂ ಒತ್ತಿ ಹೇಳಬೇಕು, ಏಕೆಂದರೆ ಅಲ್ಲಿ ಈ ತಪ್ಪು ಸದಾ ಸಹಾಯದ ವೇಷದಲ್ಲಿಯೇ ಬರುತ್ತದೆ.

ಆದರೆ ಹೆಚ್ಚಿನ ತಪ್ಪು ನಿಮ್ಮದೆಂದು ನಾನು ಹೇಳಲಾರೆ. ನನಗೆ ನಿಜವಾಗಿ ಕೋಪ ಬಂದಿರುವುದು ನಿಮ್ಮ ಮೈದುನರ ಮೇಲೆ. ಅವರ ಆ ಒಂದು ಮಾತು ನಿಮ್ಮ ಯಜಮಾನರನ್ನು ಕಿವಿ ಕೇಳಿಸದವರ ಸಾಲಿನಿಂದ ತೆಗೆದು ಕಪಟಿಗಳ ಸಾಲಿಗೆ ಸೇರಿಸುತ್ತದೆ. ಅದಕ್ಕೆ ನಕ್ಕವರೆಲ್ಲರೂ ಆ ತೀರ್ಪಿಗೆ ಸಹಿ ಹಾಕಿದಂತಾಗುತ್ತದೆ. ‘ಬೇಕಾದದ್ದು ಮಾತ್ರ ಕೇಳಿಸುತ್ತದೆ’ ಎಂದು ಕಾಣುವುದಕ್ಕೆ ಕಾರಣ ಕಿವಿಯ ರಚನೆಯಲ್ಲಿಯೇ ಇದೆ. ಒಳಗಿವಿಯ ಬಸವನಹುಳುವಿನ ಆಕಾರದ ಸುರುಳಿಯಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿರುತ್ತವೆ; ಒಮ್ಮೆ ಸತ್ತರೆ ಮನುಷ್ಯರಲ್ಲಿ ಅವು ಮತ್ತೆ ಹುಟ್ಟುವುದಿಲ್ಲ. ವಯಸ್ಸಿನೊಂದಿಗೆ ಮೊದಲು ಹಾಳಾಗುವುದು ಸುರುಳಿಯ ಬುಡದಲ್ಲಿ, ಕೀರಲು ಧ್ವನಿಗಳನ್ನು ಹಿಡಿಯುವ ಕೋಶಗಳು. ನಮ್ಮ ಮಾತಿನಲ್ಲಿ ಅ, ಆ, ಉ, ಓಗಳಂಥ ಸ್ವರಗಳ ಬಲವೆಲ್ಲ ಹೆಚ್ಚಾಗಿ ಕೆಳಗಿನ ಶ್ರುತಿಯಲ್ಲಿದ್ದರೆ, ಸ, ಶ, ಚ, ತ, ಕಗಳಂಥ ವ್ಯಂಜನಗಳ ಗುರುತು ಮೇಲಿನ ಶ್ರುತಿಯಲ್ಲಿದೆ, ಅದೂ ಬಹಳ ಕ್ಷೀಣವಾಗಿ. ಆದ್ದರಿಂದ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಕಾಲೋ, ಪಾಲೋ, ಸಾಲೋ ಎಂದು ಊಹಿಸಿಕೊಂಡೇ ಕೂರಬೇಕು. ಹೆಂಗಸರ ಮತ್ತು ಮಕ್ಕಳ ಸಣ್ಣ ದನಿ ಮೊದಲು ಕೈಬಿಟ್ಟು, ದಪ್ಪ ಗಂಟಲಿನ ಗಂಡಸು ಎದುರಿಗೆ ಕುಳಿತು ಆಡಿದ್ದು ಉಳಿಯುತ್ತದೆ. ನೀವು ಒಳಗಿನಿಂದ, ನಲ್ಲಿ ಸುರಿಯುತ್ತಿರುವಾಗ ಹೇಳಿದ್ದು ಮುಟ್ಟುವುದಿಲ್ಲ; ಮೈದುನರು ಸದ್ದಿಲ್ಲದ ಮಧ್ಯಾಹ್ನ ಎರಡಡಿ ದೂರದಲ್ಲಿ ಹೇಳಿದ್ದು ಮುಟ್ಟುತ್ತದೆ. ಇದರಲ್ಲಿ ನಿಮ್ಮ ಯಜಮಾನರ ಆಯ್ಕೆ ಯಾವುದೂ ಇಲ್ಲ. ಮುಂದಿನ ಸಲ ಆ ಮಾತು ಬಂದಾಗ ನಗಬೇಡಿ. ‘ನಿಮ್ಮ ದನಿ ದಪ್ಪ, ಅದಕ್ಕೆ ಕೇಳಿಸಿತು’ ಎಂದು ಅಷ್ಟೇ ಹೇಳಿ, ನಿಮ್ಮ ಯಜಮಾನರಿಗೆ ಕಾಣುವ ಹಾಗೆ ಹೇಳಿ.

ನಿಮ್ಮ ಗಂಟಲಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಆಯಾಸ ಸಣ್ಣದೆಂದು ಯಾರೂ ಹೇಳಬಾರದು. ಒಬ್ಬರ ಆರೋಗ್ಯದ ಸ್ಥಿತಿಯಿಂದ ಅವರ ಜೊತೆಯಲ್ಲಿರುವವರ ಬದುಕೂ ಕುಂಟಬಹುದೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಹೊರತಂದ ಅಂಗವೈಕಲ್ಯದ ವರ್ಗೀಕರಣದಲ್ಲಿಯೇ ಹೆಸರಿಟ್ಟು ಗುರುತಿಸಿದೆ. ಆದರೆ ನಿಮ್ಮ ಕೂಗು ನಿಮ್ಮನ್ನು ದಣಿಸುವುದಲ್ಲದೆ ಅವರಿಗೂ ಉಪಯೋಗಕ್ಕೆ ಬರುತ್ತಿಲ್ಲ. ಕೂಗಿದಾಗ ಜೋರಾಗುವುದು ಮೊದಲೇ ಕೇಳಿಸುತ್ತಿದ್ದ ಸ್ವರಗಳು. ಕೇಳಿಸದ ವ್ಯಂಜನಗಳು ಆ ಅಬ್ಬರದಲ್ಲಿ ಇನ್ನಷ್ಟು ಮುಚ್ಚಿಹೋಗುತ್ತವೆ. ಅದಲ್ಲದೆ ಇಂಥ ಕಿವಿಯಲ್ಲಿ ಈಗಷ್ಟೇ ಕೇಳಿಸಿದ ಸದ್ದಿಗೂ ತಡೆಯಲಾರದ ಸದ್ದಿಗೂ ನಡುವಿನ ಅಂತರ ಕಿರಿದಾಗಿರುತ್ತದೆ, ಆದ್ದರಿಂದಲೇ ‘ಸ್ವಲ್ಪ ಜೋರಾಗಿ ಹೇಳು’ ಎಂದವರು ಮರುಗಳಿಗೆಯಲ್ಲಿ ‘ಯಾಕೆ ಕಿರುಚುತ್ತೀ’ ಎಂದು ಸಿಡುಕುತ್ತಾರೆ. ಎರಡೂ ನಿಜವಾದ ಮಾತುಗಳೇ.

ಕೂಗುವ ಬದಲು ಹತ್ತಿರ ಹೋಗಿ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಅರ್ಧವಾದರೆ ದನಿ, ಸದ್ದಿನ ಅಳತೆಯಲ್ಲಿ, 6 ಡೆಸಿಬೆಲ್ ಏರುತ್ತದೆ. ಗೋಡೆಗಳ ನಡುವೆ ಏರಿಕೆ ಅಷ್ಟಿರದಿದ್ದರೂ, ಹತ್ತಿರವಾದಷ್ಟೂ ಮಾತು ಪ್ರತಿಧ್ವನಿಯಲ್ಲಿ ಕಲಸಿಹೋಗುವುದು ಕಡಿಮೆಯಾಗುತ್ತದೆ. ನಿಮ್ಮ ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಮೊದಲು ಅವರ ಗಮನ ಸೆಳೆದು, ಯಾವ ವಿಷಯ ಎಂಬುದನ್ನು ಹೇಳಿ, ಆಮೇಲೆ ಸಂಗತಿಯನ್ನು ನಿಧಾನವಾಗಿ ಹೇಳಿ. ಮುಖ ಕಾಣುವುದು ಎಷ್ಟು ಮುಖ್ಯವೆಂಬುದಕ್ಕೆ ಕಿವಿ ಮತ್ತು ಕಣ್ಣು ಕೆಲಸ ಹಂಚಿಕೊಳ್ಳುವ ರೀತಿಯನ್ನು ಗಮನಿಸಿ: ‘ಪಾಲು’ ಮತ್ತು ‘ಸಾಲು’ ಮಂದವಾದ ಕಿವಿಗೆ ಒಂದೇ ಆದರೂ ತುಟಿ ಮುಚ್ಚಿತೋ ಇಲ್ಲವೋ ಎಂಬುದನ್ನು ಕಣ್ಣು ಕಾಣುತ್ತದೆ, ‘ಪರ’, ‘ಬರ’, ‘ಮರ’ ತುಟಿಯ ಮೇಲೆ ಒಂದೇ ಆದರೂ ಅವುಗಳ ವ್ಯತ್ಯಾಸ ಕೆಳಗಿನ ಶ್ರುತಿಯಲ್ಲಿರುವುದರಿಂದ ಆ ಕಿವಿಗೇ ಬಹುಮಟ್ಟಿಗೆ ಸಿಗುತ್ತದೆ. ಬೆನ್ನು ತಿರುಗಿಸಿ ಮಾತಾಡಿದಾಗ ಈ ಹಂಚಿಕೆ ಮುರಿದುಬೀಳುತ್ತದೆ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದೇ ಪದಗಳನ್ನು ಮೂರು ಸಲ ಒಪ್ಪಿಸದೆ ಮಾತನ್ನು ಬದಲಿಸಿ ಹೇಳಿ. ಏನೇ ಆಗಲಿ, ‘ಏನಿಲ್ಲ, ಬಿಡಿ’ ಎಂದು ಮಾತ್ರ ಹೇಳಬೇಡಿ. ಅವರೂ ಬರಿದೇ ‘ಆಂ?’ ಎನ್ನುವುದನ್ನು ಬಿಟ್ಟು, ಕೇಳಿಸಿದ್ದನ್ನು ಹೇಳಿ ಕೇಳಿಸದ್ದನ್ನು ಕೇಳುವುದನ್ನು ರೂಢಿಸಿಕೊಳ್ಳಬೇಕು: ‘ನಾಳೆ ಬರುತ್ತಾರೆ ಅಂದೆ, ಯಾರು?’ ಎಂದು ಕೇಳಿದರೆ ನೀವು ಒಂದೇ ಪದ ಹೇಳಿದರೆ ಸಾಕು. ನಕ್ಕು ತಲೆಯಾಡಿಸುವವರು ಆ ನಗುವನ್ನು ಬಿಡುವುದು ಹೀಗೆ ಕೇಳಿದ್ದಕ್ಕೆ ಸಿಡುಕಿಲ್ಲದ ಉತ್ತರ ನಾಲ್ಕಾರು ಸಲ ಸಿಕ್ಕ ಮೇಲೆಯೇ.

ಮಗನ ಬೆದರಿಕೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶ್ರವಣದೋಷಕ್ಕೂ ಮರೆವಿನ ಕಾಯಿಲೆಗೂ ನಂಟಿದೆ ಎಂಬುದು ನಿಜ. ಆದರೆ ಅಮೆರಿಕದಲ್ಲಿ 70ರಿಂದ 84 ವರ್ಷದ 977 ಮಂದಿಯನ್ನು ಮೂರು ವರ್ಷ ಗಮನಿಸಿ 2023ರಲ್ಲಿ ಪ್ರಕಟವಾದ ‘ಅಚೀವ್’ ಅಧ್ಯಯನದಲ್ಲಿ, ಎಲ್ಲರನ್ನೂ ಒಟ್ಟಿಗೆ ನೋಡಿದಾಗ ಶ್ರವಣ ಚಿಕಿತ್ಸೆಯಿಂದ ಬುದ್ಧಿಶಕ್ತಿಯ ಕುಸಿತದಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಪಾಯ ಮೊದಲೇ ಹೆಚ್ಚಿದ್ದ ಗುಂಪಿನಲ್ಲಿ ಮಾತ್ರ ಅದು ಕುಸಿತವನ್ನು ನಿಧಾನಗೊಳಿಸಿತು. ಆ ಅಧ್ಯಯನದಲ್ಲಿಯೂ ಸಾಧನವನ್ನು ಕೈಗಿಟ್ಟು ಕಳಿಸಿರಲಿಲ್ಲ, ತಜ್ಞರೊಂದಿಗೆ ಹಲವು ಭೇಟಿಗಳು ಸೇರಿಯೇ ಚಿಕಿತ್ಸೆ ಎನಿಸಿಕೊಂಡಿದ್ದವು. ನಿಮ್ಮ ಮಗ ಬಿಟ್ಟುಹೋದ ಭಾಗ ಇದೇ. ಅವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ, ಆದರೆ ಅವರು ತಂದೆಗೆ ಕೊಡಿಸಿದ್ದು ಒಂದು ಯಂತ್ರವನ್ನು, ಪುನರ್ವಸತಿಯನ್ನಲ್ಲ. ಎರಡನೆಯ ಮಹಾಯುದ್ಧದಲ್ಲಿ ಕಿವಿ ಕಳೆದುಕೊಂಡು ಬಂದ ಸೈನಿಕರಿಗಾಗಿ ಅಮೆರಿಕದ ಪೆನ್ಸಿಲ್ವೇನಿಯಾದ ಡೆಶಾನ್ ಸೇನಾ ಆಸ್ಪತ್ರೆಯಲ್ಲಿ ಶ್ರವಣ ತಜ್ಞ ರೇಮಂಡ್ ಕಾರ್ಹಾರ್ಟ್ ಕೆಲಸ ಮಾಡಿದಾಗ, ಸಾಧನದ ಆಯ್ಕೆ, ತುಟಿಯ ಚಲನೆಯಿಂದ ಮಾತು ಗ್ರಹಿಸುವುದು, ಆಲಿಸುವ ಅಭ್ಯಾಸ, ಇವೆಲ್ಲ ಸೇರಿ ತರಬೇತಿ ವಾರಗಟ್ಟಲೆ ನಡೆಯುತ್ತಿತ್ತು. ಎಂಟು ದಶಕಗಳ ಹಿಂದೆ ತಿಳಿದಿದ್ದನ್ನು ನಿಮ್ಮ ಯಜಮಾನರಿಗೆ ಅರ್ಧ ಗಂಟೆಯಲ್ಲಿ ಮುಗಿಸಿದ್ದಾರೆ.

‘ತಗಡು ಬಡಿದ ಹಾಗಾಗುತ್ತದೆ’ ಎಂಬ ದೂರು ಕೂಡ ಹಟಮಾರಿತನದ ಮಾತಲ್ಲ. ವರ್ಷಗಟ್ಟಲೆ ಕೇಳಿಸದೇ ಇದ್ದ ಕಾಗದದ ಸರಪರ, ಪಾತ್ರೆಯ ಸದ್ದು, ನೀರಿನ ಸದ್ದು ಒಮ್ಮೆಲೇ ಮರಳಿದಾಗ ಮಿದುಳಿಗೆ ಯಾವುದನ್ನು ಬಿಡಬೇಕು, ಯಾವುದನ್ನು ಹಿಡಿಯಬೇಕು ಎಂಬುದು ಮರೆತಿರುತ್ತದೆ; ಅದನ್ನು ಮತ್ತೆ ಕಲಿಯಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಸಾಧನದಿಂದ ಕಿವಿಯ ದಾರಿ ಮುಚ್ಚಿಹೋದಾಗ ತಮ್ಮದೇ ದನಿ ಕೊಡದೊಳಗಿನಿಂದ ಬಂದಂತೆ ಕೇಳಿಸುವುದೂ ಉಂಟು, ಅದಕ್ಕೂ ಸಾಧನದ ಜೋಡಣೆಯಲ್ಲಿ ಪರಿಹಾರವಿದೆ. ಹಾಕಿಕೊಂಡವರು ‘ಇಲ್ಲಿ ನೋಯುತ್ತದೆ, ಈ ಸದ್ದು ಚುಚ್ಚುತ್ತದೆ’ ಎಂದು ಬಂದು ಹೇಳಿದ ಮೇಲೆಯೇ ತಜ್ಞರು ಅದನ್ನು ಸರಿಪಡಿಸಬಲ್ಲರು, ಮತ್ತು ಹಾಗೆ ಹೇಳಬೇಕಾದ ವ್ಯಕ್ತಿಯನ್ನು ನೀವು ಮೊದಲ ದಿನವೇ ಸುಮ್ಮನಾಗಿಸಿದ್ದೀರಿ.

ಆದ್ದರಿಂದ ಹಟ ಹಿಡಿಯುವುದೂ ಬೇಡ, ಬಿಟ್ಟುಬಿಡುವುದೂ ಬೇಡ. ನೀವು ಮಾಡಬೇಕಾದದ್ದು ಒಂದೇ. ಈ ವಾರದೊಳಗೆ ಶ್ರವಣ ತಜ್ಞರಲ್ಲಿ ಮತ್ತೆ ಸಮಯ ಪಡೆಯಿರಿ. ಹಿಂದಿನವರೇ ಆಗಬೇಕೆಂದಿಲ್ಲ, ಒಂದು ಗಂಟೆ ಕೊಡಬಲ್ಲವರಾಗಿರಬೇಕು. ಹೋಗುವ ಮೊದಲು ಒಂದು ಹಾಳೆಯನ್ನು ನಿಮ್ಮ ಯಜಮಾನರ ಮುಂದೆ ಇಟ್ಟು, ಯಾವ ಐದು ಸಂದರ್ಭಗಳಲ್ಲಿ ಅವರಿಗೆ ಚೆನ್ನಾಗಿ ಕೇಳಿಸಬೇಕೆಂದು ಆಸೆಯಿದೆಯೋ ಅದನ್ನು ಮುಖ್ಯವಾದದ್ದರಿಂದ ಹಿಡಿದು ಕ್ರಮವಾಗಿ ಅವರ ಕೈಯಿಂದಲೇ ಬರೆಸಿ. ಇದು ನಾನು ಕಟ್ಟಿದ ಉಪಾಯವಲ್ಲ. ಆಸ್ಟ್ರೇಲಿಯಾದ ರಾಷ್ಟ್ರೀಯ ಶ್ರವಣ ಪ್ರಯೋಗಾಲಯದವರು 1997ರಲ್ಲಿ ಪ್ರಕಟಿಸಿದ ‘ಕೋಸಿ’ ಎಂಬ ಪದ್ಧತಿ ಹೀಗೆಯೇ ಕೇಳಿಸಿಕೊಳ್ಳುವವರಿಂದ ಐದರವರೆಗೆ ಸಂದರ್ಭಗಳನ್ನು ಹೇಳಿಸಿ, ಚಿಕಿತ್ಸೆಯ ಕೊನೆಯಲ್ಲಿ ಒಂದೊಂದರಲ್ಲೂ ಎಷ್ಟು ಸುಧಾರಿಸಿತೆಂದು ಅವರನ್ನೇ ಕೇಳುತ್ತದೆ. ಅವರ ಹಾಳೆಯಲ್ಲಿ ನೀವು ಊಹಿಸಿದ್ದು ಇಲ್ಲದಿರಬಹುದು. ಫೋನ್ ಇಲ್ಲದಿರಬಹುದು, ನೆಂಟರ ಗದ್ದಲ ಇಲ್ಲದಿರಬಹುದು, ಹಳೆಯ ಶಿಷ್ಯನೊಬ್ಬ ದಾರಿಯಲ್ಲಿ ನಿಲ್ಲಿಸಿ ಮಾತಾಡಿಸಿದಾಗ ಅವನ ಹೆಸರು ಕೇಳಿಸಿದರೆ ಸಾಕು ಎಂದಿರಬಹುದು. ತಿದ್ದಬೇಡಿ, ಸೇರಿಸಬೇಡಿ.

ತಜ್ಞರ ಕೊಠಡಿಯಲ್ಲಿ, ಬೆಳಕು ತಜ್ಞರ ಮುಖದ ಮೇಲೆ ಬೀಳುವಂತೆ ನಿಮ್ಮ ಯಜಮಾನರನ್ನು ತಜ್ಞರ ಎದುರಿಗೆ ಕೂರಿಸಿ, ನೀವು ಸ್ವಲ್ಪ ಹಿಂದೆ ಕುಳಿತುಕೊಳ್ಳಿ. ಕೇಳಿದ್ದು ತಿಳಿಯದಿದ್ದರೆ ತಜ್ಞರೇ ಬರೆದು ತೋರಿಸಲಿ, ಅದು ಅವರ ಕೆಲಸ. ಪ್ರಶ್ನೆ ನಿಮ್ಮ ಕಡೆ ತಿರುಗಿದರೆ, ನೀವು ನಿಮ್ಮ ಯಜಮಾನರ ಕಡೆ ತಿರುಗಿ ಕಾಯಿರಿ. ಆ ಮೌನ ಎಷ್ಟು ಉದ್ದವಾದರೂ ಅದನ್ನು ತುಂಬಬೇಡಿ. ಸಾಧನಗಳನ್ನು ಡಬ್ಬಿಯ ಸಮೇತ ತೆಗೆದುಕೊಂಡು ಹೋಗಿ. ಈಗಿನ ಹಲವು ಸಾಧನಗಳು ದಿನಕ್ಕೆ ಎಷ್ಟು ಗಂಟೆ ಬಳಸಿದರೆಂಬುದನ್ನು ದಾಖಲಿಸಿಕೊಳ್ಳುವುದರಿಂದ, ಇಷ್ಟು ತಿಂಗಳು ಖಾನೆಯಲ್ಲಿದ್ದದ್ದು ತಜ್ಞರಿಗೆ ತಿಳಿದೇ ತಿಳಿಯುತ್ತದೆ. ಏಕೆ ಹಾಗಾಯಿತೆಂದು ಅವರು ಕೇಳಿದಾಗ, ಅದಕ್ಕೂ ಉತ್ತರ ಮೇಷ್ಟ್ರೇ ಹೇಳಲಿ.