ಕಾರ್ಡಿನಲ್ಲಿ ಮೂರು ಡೋಸ್, ರಿಪೋರ್ಟಿನಲ್ಲಿ ನಾಲ್ಕು

ಓದುಗರೊಬ್ಬರ ಪತ್ರ: "ತೀರಿಕೊಂಡ ಅಕ್ಕನ ಮಗನನ್ನು ನಾನೇ ಸಾಕುತ್ತಿದ್ದೇನೆ. 15 ವರ್ಷ. ಹುಟ್ಟಿನಿಂದಲೇ ಎಚ್‌ಐವಿ ಇದೆ. ಗೊತ್ತಾಗಿ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ಶುರುವಾದಾಗ ಅವನಿಗೆ ನಾಲ್ಕು ವರ್ಷ. ಕೂಸಾಗಿದ್ದಾಗ ಹೆಪಟೈಟಿಸ್ ಬಿ ಲಸಿಕೆ ಮೂರು ಡೋಸ್ ಹಾಕಿಸಿದ ಕಾರ್ಡ್ ಇದೆ. ಈಗ ರಕ್ತ ನೋಡಿ, ರಕ್ಷಣೆ ಇಲ್ಲ, ಮತ್ತೆ ಹಾಕಿಸಿ ಅಂತಾರೆ. ಹಳೆಯ ಲಸಿಕೆ ನಕಲಿಯಾ? ಮತ್ತೆ ಹಾಕಿಸಿದರೆ ತೊಂದರೆ ಇಲ್ಲವಾ?"

ಸಂಪಾದಕರ ಉತ್ತರ:

ನೀವು ಕಳಿಸಿದ ರಿಪೋರ್ಟ್ ನೋಡಿದೆ. 'ಆಂಟಿ ಎಚ್‌ಬಿಎಸ್: 4' ಅಂತಿದೆ. ಲಿವರಿಗೆ ತಗಲುವ ಹೆಪಟೈಟಿಸ್ ಬಿ ವೈರಸ್ ವಿರುದ್ಧ ರಕ್ತದಲ್ಲಿ ಎಷ್ಟು ರಕ್ಷಣೆ ಇದೆ ಅಂತ ಹೇಳುವ ಅಂಕಿ ಅದು. ಆ ನಾಲ್ಕರ ಸುತ್ತ ಪೆನ್ನಿನಲ್ಲಿ ಮೂರು ಸುತ್ತು ಹಾಕಿದ್ದೀರಿ. ಗಾಬರಿ ಅರ್ಥವಾಗುತ್ತದೆ.

ಲಸಿಕೆ ನಕಲಿ ಅಂತ ಅನುಮಾನ ಪಡಬೇಕಿಲ್ಲ. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಲಸಿಕೆ ಬಿದ್ದಿದ್ದು ಕೂಸಿಗೆ, ಮಾತ್ರೆ ಶುರುವಾಗಿದ್ದು ನಾಲ್ಕನೇ ವರ್ಷಕ್ಕೆ. ನಡುವಿನ ಕಾಲದಲ್ಲಿ ಎಚ್‌ಐವಿಗೆ ಲಗಾಮೇ ಇರಲಿಲ್ಲ. ಲಸಿಕೆ ನಮ್ಮ ಮೈಗೆ ಒಂದು ಪಾಠ ಹೇಳುತ್ತದೆ: ಈ ವೈರಸ್ ಬಂದರೆ ಹೀಗೆ ಗುರುತು ಹಿಡಿ ಅಂತ. ಪಾಠ ಮನದಟ್ಟಾಗಲು ಸಿಡಿ4 ಎಂಬ ಬಿಳಿ ರಕ್ತಕಣಗಳ ನೆರವು ಬೇಕು. ಎಚ್‌ಐವಿ ಹಾಳು ಮಾಡುವುದು ಅವನ್ನೇ. ಹಾಗಾಗಿ ಇಂಥ ಮಕ್ಕಳಲ್ಲಿ ಪಾಠ ಅರ್ಧಕ್ಕೇ ನಿಂತಿರುತ್ತದೆ, ಇಲ್ಲವೇ ಬೇಗ ಮರೆತುಹೋಗುತ್ತದೆ. ಆಮೇಲೆ ಮಾತ್ರೆಯಿಂದ ಸಿಡಿ4 ಏರಿದರೂ ಹಳೆಯ ಪಾಠ ತಾನಾಗೇ ವಾಪಸ್ ಬರುವುದಿಲ್ಲ.

ರಿಪೋರ್ಟಿನ ಅಳತೆಯಲ್ಲಿ 10 ಅಥವಾ ಜಾಸ್ತಿ ಇದ್ದರೆ ರಕ್ಷಣೆ ಇದೆ ಅಂತ ಲೆಕ್ಕ. ಆರೋಗ್ಯವಂತ ಹುಡುಗನಿಗೆ ಎಷ್ಟೋ ವರ್ಷದ ನಂತರ ನಾಲ್ಕು ಬಂದಿದ್ದರೆ ಡಾಕ್ಟರು ಸುಮ್ನೆ ಬಿಡುತ್ತಿದ್ದರೇನೋ. ಅವನ ಮೈಗೆ ನೆನಪು ಉಳಿದಿರುತ್ತದೆ. ನಿಮ್ಮ ಹುಡುಗನ ವಿಷಯದಲ್ಲಿ ಆ ನೆನಪನ್ನು ನಂಬಿ ಕೂರುವ ಹಾಗಿಲ್ಲ.

ಇಲ್ಲಿ ನಮ್ಮದೂ ಒಂದು ತಪ್ಪಿದೆ. 'ಮೂರು ಡೋಸ್ ಆದರೆ ಜೀವನಪೂರ್ತಿ ನಿಶ್ಚಿಂತೆ' ಅಂತ ಇದೇ ಪತ್ರಿಕೆಯಲ್ಲಿ ಹಿಂದೊಮ್ಮೆ ಅಚ್ಚು ಮಾಡಿದ್ದೆವು. ಕಾರ್ಡ್ ಹೇಳುವುದು ಸೂಜಿ ಬಿದ್ದಿದೆ ಅಂತ ಮಾತ್ರ. ಎಚ್‌ಐವಿ ಇರುವವರಲ್ಲಿ ಅದು ಹಿಡಿಯಿತೋ ಇಲ್ಲವೋ ಅಂತ ರಕ್ತವನ್ನೇ ಕೇಳಬೇಕು.

ಮತ್ತೆ ಹಾಕಿಸಲು ಹೆದರಬೇಡಿ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ವೈರಸ್ಸಿನ ಹೊರಮೈಯ ಒಂದು ಪ್ರೋಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ಮಾಡುತ್ತಾರೆ. ಅದರಿಂದ ಕಾಯಿಲೆ ಬರಲು ಸಾಧ್ಯವೇ ಇಲ್ಲ. ಸಾಮಾನ್ಯವಾಗಿ ಇವತ್ತೊಂದು, ತಿಂಗಳಿಗೊಂದು, ಆರನೇ ತಿಂಗಳಿಗೊಂದು ಡೋಸ್. ಕೆಲವರಿಗೆ ಎರಡು ಪಟ್ಟು ಪ್ರಮಾಣ ಕೊಡುವುದೂ ಉಂಟು, ಅದು ಡಾಕ್ಟರ ತೀರ್ಮಾನ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಮತ್ತೆ ಇದೇ ಪರೀಕ್ಷೆ. ತಪ್ಪಿಹೋಗುವುದು ಬಹಳ ಸಲ ಆ ಆರನೇ ತಿಂಗಳ ಡೋಸೇ. ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಒಂದು ಮಾತ್ರ ಕೇಳಿ ತಿಳಿದುಕೊಳ್ಳಿ. ಎಚ್‌ಬಿಎಸ್‌ಎಜಿ ಪರೀಕ್ಷೆ ಆಗಿದೆಯಾ? ವೈರಸ್ ಈಗಾಗಲೇ ಮೈಯಲ್ಲಿದೆಯೇ ಅಂತ ಹೇಳುವುದು ಅದು. ನೀವು ಕಳಿಸಿದ ಹಾಳೆಯಲ್ಲಿ ಕಾಣಲಿಲ್ಲ. ವೈರಸ್ ಇದ್ದರೆ ಲಸಿಕೆಯಿಂದ ಉಪಯೋಗವಿಲ್ಲ, ದಾರಿಯೇ ಬೇರೆ. ಟೆನೊಫೋವಿರ್, ಲ್ಯಾಮಿವುಡಿನ್ ಎಂಬ ಎಚ್‌ಐವಿ ಔಷಧಿಗಳು ಹೆಪಟೈಟಿಸ್ ಬಿಯನ್ನೂ ಅದುಮಿಡುತ್ತವೆ. ಅಂಥವರು ಅವನ್ನು ತಟ್ಟನೆ ನಿಲ್ಲಿಸಿದರೆ ಲಿವರ್ ಊದಿಕೊಂಡು ಪ್ರಾಣಕ್ಕೇ ಬರಬಹುದು. ಎರಡೂ ವೈರಸ್ ಸೇರಿದರೆ ಲಿವರ್ ಕೆಡುವುದೂ ಬೇಗ. ಡಾಕ್ಟರು ಪಟ್ಟು ಹಿಡಿದಿರುವುದು ಇದಕ್ಕೇ.

ಹುಡುಗನಿಗೆ ಮೀಸೆ ಚಿಗುರುತ್ತಿದೆ, ಚಿಕ್ಕಪ್ಪನ ರೇಜರಿಗೆ ಕೈ ಹಾಕುತ್ತಾನೆ ಅಂತ ಪತ್ರದ ಕೊನೆಯಲ್ಲಿ ತಮಾಷೆಗೆ ಬರೆದಿದ್ದೀರಿ. ಹೆಪಟೈಟಿಸ್ ಬಿ ವೈರಸ್ ಮೈಯಿಂದ ಹೊರಗೆ, ರೇಜರಿಗೆ ಅಂಟಿದ ರಕ್ತದಲ್ಲೂ, 7 ದಿನವಾದರೂ ಬದುಕಬಲ್ಲದು. ಸದ್ಯಕ್ಕೆ ರಕ್ಷಣೆ ಇಲ್ಲದವನು ಅವನೇ, ಅಲ್ವಾ? ಅವನದೇ ಒಂದು ರೇಜರ್ ಕೊಡಿಸಿ. ನೀವೂ ನಿಮ್ಮ ಯಜಮಾನರೂ ಹೆಪಟೈಟಿಸ್ ಬಿ ಪರೀಕ್ಷೆ ಮಾಡಿಸಿಲ್ಲವಾದರೆ, ಮುಂದಿನ ಸಲ ಅವನ ಜೊತೆಗೇ ರಕ್ತ ಕೊಟ್ಟು ಬನ್ನಿ.