ಕುತ್ತಿಗೆ ನೋವಿಗೆ ಫಿಸಿಯೋಥೆರಪಿಸ್ಟ್ ಮೊದಲ ಸಲ ಏನೇನು ಪರೀಕ್ಷೆ ಮಾಡುತ್ತಾರೆ?

ಕುತ್ತಿಗೆ ಮುಟ್ಟುವ ಮೊದಲು ಪ್ರಶ್ನೆಗಳೇ ಜಾಸ್ತಿ, ಬೇಸರ ಮಾಡಿಕೊಳ್ಳಬೇಡಿ. ಬಿದ್ದಿದ್ದಿರಾ, ಜ್ವರ ಇದೆಯಾ, ಕಾರಣವಿಲ್ಲದೆ ತೂಕ ಇಳಿದಿದೆಯಾ ಎಂದು ಕೇಳುವುದು ಮೂಳೆ ಮುರಿತ, ಸೋಂಕು, ಗಡ್ಡೆಯಂಥವುಗಳ ಸುಳಿವು ಸಿಗುತ್ತದೆಯೇ ಎಂದು ನೋಡಲು. ಅಂಗಿ ಗುಂಡಿ ಹಾಕುವಾಗ ಬೆರಳು ತಡವರಿಸುತ್ತಿದ್ದರೆ, ನಡೆಯುವಾಗ ತೂರಾಡುವಂತಾದರೆ ತಪ್ಪದೆ ಹೇಳಿ. ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು, ಆಗ ಮೊದಲು ಡಾಕ್ಟರ್ ನೋಡಲೇಬೇಕು.

ಆಮೇಲೆ ಕುತ್ತಿಗೆ ಬಗ್ಗಿಸಿ, ಎತ್ತಿ, ಎರಡೂ ಕಡೆ ತಿರುಗಿಸಿ ಎನ್ನುತ್ತಾರೆ. ನೋವು ಎಲ್ಲಿ ಶುರುವಾಗುತ್ತದೆ, ಎಲ್ಲಿಗೆ ಹರಿಯುತ್ತದೆ ಎನ್ನುವುದೇ ಮುಖ್ಯ. ಕೈಗೆ ಇಳಿಯುವ ನೋವಿದ್ದರೆ ಇನ್ನಷ್ಟು ಸೂಕ್ಷ್ಮವಾಗಿ ನೋಡುತ್ತಾರೆ: ಹೆಬ್ಬೆರಳು ಜೋಮು ಹಿಡಿದರೆ ಸಾಮಾನ್ಯವಾಗಿ ಸಿ6 ನರ (ಕುತ್ತಿಗೆಯಿಂದ ಹೊರಡುವ ನರಗಳನ್ನು ಸಿ ಮತ್ತು ಸಂಖ್ಯೆ ಸೇರಿಸಿ ಹೆಸರಿಸುತ್ತಾರೆ), ನಡುಬೆರಳಾದರೆ ಸಿ7, ಕಿರುಬೆರಳಾದರೆ ಸಿ8ರ ಮೇಲೆ ಅನುಮಾನ. ತಲೆಯನ್ನು ನೋವಿರುವ ಕಡೆಗೆ ವಾಲಿಸಿ ಮೇಲಿನಿಂದ ಮೆಲ್ಲಗೆ ಒತ್ತುವುದು ಸ್ಪರ್ಲಿಂಗ್ ಪರೀಕ್ಷೆ. ಆಗ ನೋವು ಕೈಗೆ ಹರಿದು, ತಲೆಯನ್ನು ಮೇಲಕ್ಕೆ ಎಳೆದಾಗ ತಗ್ಗಿದರೆ ನರದ ಬೇರಿನ, ಅಂದರೆ ಬೆನ್ನುಹುರಿಯಿಂದ ನರ ಹೊರಡುವ ಜಾಗದ, ತೊಂದರೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಕೈಯ ಬಲ, ಸ್ಪರ್ಶ, ಭುಜವನ್ನೂ ನೋಡುತ್ತಾರೆ.

ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ನೋವೇ ಇಲ್ಲದವರ ಸ್ಕ್ಯಾನ್‌ನಲ್ಲೂ ಡಿಸ್ಕ್ ಸವೆತ ಕಾಣುವುದು ಸಾಮಾನ್ಯ, ಹಾಗಾಗಿ ರಿಪೋರ್ಟ್ ಒಂದನ್ನೇ ನೋಡಿ ಗಾಬರಿಯಾಗಬೇಡಿ.