ದಾಟುವವರಿಗೇ ಬುದ್ಧಿ ಹೇಳಬೇಕಾ?

ಓದುಗರೊಬ್ಬರ ಪತ್ರದಿಂದ: ‘ಜನ ಮೊಬೈಲ್ ನೋಡ್ತಾ ರಸ್ತೆಗಿಳಿಯುತ್ತಾರೆ, ಸೈಕಲ್‌ನವರು ಲೈಟಿಲ್ಲದೆ ನುಗ್ಗುತ್ತಾರೆ. ಮೊದಲು ಇವರಿಗೆ ಬುದ್ಧಿ ಕಲಿಸಿ, ಆಮೇಲೆ ಫುಟ್‌ಪಾತ್ ಕೇಳಿ.’

ಸಂಪಾದಕರ ಉತ್ತರ:

ನಿಮ್ಮ ಕೋಪ ಅರ್ಥವಾಗುತ್ತದೆ. ಮೊಬೈಲ್ ನೋಡ್ತಾ ರಸ್ತೆ ದಾಟುವುದು ತಪ್ಪು, ರಾತ್ರಿ ಹೊತ್ತು ಲೈಟಿಲ್ಲದ ಸೈಕಲ್ ಇನ್ನೂ ತಪ್ಪು. ಒಪ್ಪಿದೆ. ಈಗ ನನ್ನ ಸರದಿ.

ಹೋದ ವರ್ಷ ಮಂಡಿನೋವು ಬಂದು ಕೆಲವು ತಿಂಗಳು ಕೋಲು ಹಿಡಿದು ಓಡಾಡಿದೆ. ಅರ್ಧ ರಸ್ತೆ ದಾಟುವಷ್ಟರಲ್ಲಿ ಸಿಗ್ನಲ್ಲಿನ ಹಸಿರು ಗೊಂಬೆ ಮಿನುಗೋಕೆ ಶುರು. ಎರಡೂ ಕಡೆ ಗಾಡಿಗಳು, ನಡುವೆ ಅಂಗೈ ಅಗಲದ ಡಿವೈಡರ್ ಕಲ್ಲು, ಅದರ ಮೇಲೆ ಕೋಲು ಊರಲೋ ಕಾಲು ಊರಲೋ ತಿಳಿಯದೆ ಎಷ್ಟು ಸಲ ನಿಂತಿದ್ದೇನೋ. ಆಮೇಲೆ ಓದಿದೆ: ಮನುಷ್ಯ ಸೆಕೆಂಡಿಗೆ ಸುಮಾರು 1.2 ಮೀಟರ್ ನಡೀತಾನೆ ಅಂತ ಇಟ್ಟುಕೊಂಡು ಸಿಗ್ನಲ್ ಲೆಕ್ಕ ಹಾಕುವುದು ಬಹಳ ಕಡೆ ರೂಢಿಯಂತೆ. ಎಂಬತ್ತರ ಅಜ್ಜಿ ಹಾಗೆ ನಡೀತಾರಾ? ಅಜ್ಜಿಗೆ ಏನು ಬುದ್ಧಿ ಕಲಿಸೋಣ, ಹೇಳಿ.

50 ಕಿ.ಮೀ. ವೇಗದ ಗಾಡಿ ಬ್ರೇಕ್ ಒತ್ತಿದ ಮೇಲೆ ನಿಲ್ಲೋಕೆ, 30ರಲ್ಲಿ ಬರುವ ಗಾಡಿಗಿಂತ ಹೆಚ್ಚುಕಡಿಮೆ ಮೂರು ಪಟ್ಟು ದೂರ ಬೇಕು. ನಿಮ್ಮ ಆ ಮೊಬೈಲ್ ಹುಡುಗ 30ರ ರಸ್ತೆಯಲ್ಲಾದರೆ ಬಹುಶಃ ಬೈಸಿಕೊಂಡು ಮನೆಗೆ ಹೋಗುತ್ತಾನೆ. ಅವನ ತಪ್ಪಿಗೆ ಅಷ್ಟು ಸಾಕು ಅಲ್ವಾ?

ಇವತ್ತು ಸೈಕಲ್‌ಗೆ ಹೆಸರಾದ ನೆದರ್ಲೆಂಡ್ಸ್ ಮೊದಲಿಂದಲೂ ಹೀಗೇ ಇತ್ತು ಅಂದುಕೊಳ್ಳಬೇಡಿ. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸತ್ತ ಮಕ್ಕಳೇ 400ಕ್ಕೂ ಜಾಸ್ತಿ. ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಅಪ್ಪ ಅಮ್ಮಂದಿರು ಬೀದಿಗಿಳಿದರು, 1973ರ ತೈಲ ಬಿಕ್ಕಟ್ಟೂ ಜೊತೆಗೂಡಿತು, ಆಮೇಲೆ ಬಂದವು ಆ ಸೈಕಲ್ ದಾರಿಗಳು. ನಾರ್ವೆಯ ಓಸ್ಲೋದಲ್ಲಿ 2019ರಲ್ಲಿ ನಡೆದು ಹೋಗುವವರಾಗಲಿ ಸೈಕಲ್‌ನವರಾಗಲಿ ಒಬ್ಬರೂ ಅಪಘಾತದಲ್ಲಿ ಸಾಯಲಿಲ್ಲ. ಅಲ್ಲಿ ಮೊಬೈಲ್ ಇಲ್ಲವಾ? ಗಾಡಿಗಳ ವೇಗ ಇಳಿಸಿದ್ದರು, ನಗರದ ನಡುವಿನ ಪಾರ್ಕಿಂಗ್ ತೆಗೆದಿದ್ದರು, ಅಷ್ಟೇ.

ಇನ್ನು ಆ ಸ್ಕೈವಾಕ್‌ಗಳು! ಎಸಿ ಹಾಕಿ ಕೂತವರು ಬ್ರೇಕ್ ಒತ್ತಬಾರದು, ಅದಕ್ಕೆ ಚೀಲ ಹೊತ್ತವರು ಎರಡು ಮಹಡಿ ಹತ್ತಿ ಇಳಿಯಬೇಕು. ಅದಕ್ಕೆ ‘ಪಾದಚಾರಿ ಸೌಲಭ್ಯ’ ಅಂತ ಹೆಸರು ಬೇರೆ. ಯಾರೂ ಹತ್ತದಿದ್ದರೆ ಮತ್ತೆ ಬೈಗುಳ ಯಾರಿಗೆ? ನಡೆಯುವವರಿಗೇ. ರಸ್ತೆ ಅಗಲ ಮಾಡುವಾಗ ದಿನಕ್ಕೆ ಎಷ್ಟು ಕಾರು ಓಡಾಡುತ್ತವೆ ಅಂತ ಎಣಿಸುತ್ತಾರೆ, ಎಷ್ಟು ಜನ ನಡೆದು ಹೋದರು ಅಂತ ಕೇಳಿ ನೋಡಿ, ಸುಮ್ನೆ ಮುಖ ನೋಡುತ್ತಾರೆ.

ನಿಮ್ಮ ಪತ್ರದ ಕೊನೆಯ ಸಾಲು ಮಾತ್ರ ನನಗೆ ಬಹಳ ಇಷ್ಟವಾಯಿತು. ಶಾಲೆ ಅರ್ಧ ಕಿಲೋಮೀಟರ್ ದೂರ ಇದ್ದರೂ ಮಗಳನ್ನು ದಿನಾ ಕಾರಿನಲ್ಲೇ ಬಿಟ್ಟು ಬರುತ್ತೇನೆ ಅಂದಿದ್ದೀರಿ. ಯಾಕೆ ಅಂತ ಬರೆದಿಲ್ಲ. ಮುಂದಿನ ಪತ್ರದಲ್ಲಿ ಅದನ್ನೊಂದು ಬರೆಯಿರಿ.